ಹುಳುಮನೆಗೆ ರಾತ್ರಿ ಸೊಪ್ಪು ತಂದವಳು

ಇದನ್ನು ಓದಿ ಮುಗಿಸುವ ಹೊತ್ತಿಗೆ ನಿಮಗೆ ಒಂದು ಕಾರಣ ಹೊಳೆದಿರುತ್ತದೆ. ನನಗೂ ಹೊಳೆದಿದೆ. ನಾನು ಬಿ.ಎಸ್ಸಿ. ಓದಿದವನು, ಅದೂ ರಸಾಯನಶಾಸ್ತ್ರ. ಕಾರಣ ಹೇಳುವುದು ನನಗೆ ಕಷ್ಟವಲ್ಲ. ಆದರೆ ಆ ರಾತ್ರಿ ಆ ಕೋಣೆಯೊಳಗೆ ಮಲಗಿದ್ದವನು ನಾನು. ಏನು ಕಂಡೆನೋ, ಏನು ಕೇಳಿದೆನೋ ಅಷ್ಟನ್ನೇ ಬರೆಯುತ್ತಿದ್ದೇನೆ. ಒಂದಕ್ಷರವೂ ಕಟ್ಟಿದ್ದಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಕೋಲಾರದ ಒಂದು ಹೈಸ್ಕೂಲಿನಲ್ಲಿ ನಾನು ಹಂಗಾಮಿ ವಿಜ್ಞಾನ ಮೇಷ್ಟ್ರು. ಸಂಜೆಯಾದರೆ ನಾವು ಐದಾರು ಗೆಳೆಯರು ಸೇರಿ, ಮನೆಯಿಲ್ಲದೆ ಬೀದಿಯಲ್ಲೇ ಮಲಗುವವರಿಗೆ ರಾಗಿ ಅಂಬಲಿ ಕೊಡುತ್ತಿದ್ದೆವು. ಸಂಘ, ಬೋರ್ಡು ಏನೂ ಇರಲಿಲ್ಲ. ಹಾಲಿನ ಕ್ಯಾನಿನಲ್ಲಿ ಅಂಬಲಿ ತುಂಬಿ, ಸೈಕಲ್ಲಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡು, ಕ್ಲಾಕ್ ಟವರು, ರೈಲ್ವೆ ಸ್ಟೇಷನ್ನು ಸುತ್ತಿ ಬರುವುದು. ನನ್ನ ಜೊತೆ ಯಾವಾಗಲೂ ಇಕ್ಬಾಲ್ ಇರುತ್ತಿದ್ದ. ಅವನ ಮನೆಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಅವನಿಗಿಂತ ಮೊದಲು ಆ ಬೆಂದ ಗೂಡಿನ ವಾಸನೆ ಬಂದು ತಲುಪುತ್ತಿತ್ತು.

ಆ ವರ್ಷ ಧನುರ್ಮಾಸದ ಚಳಿ ಬಹಳ ಕೆಟ್ಟದಾಗಿತ್ತು. ಒಂದು ರಾತ್ರಿ ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿ ಕೂತಿದ್ದ ಒಬ್ಬನಿಗೆ ಕಂಬಳಿ ಹೊದಿಸಿದೆ. ನಿದ್ದೆಯಲ್ಲಿದ್ದಾನೆ, ಎಬ್ಬಿಸುವುದು ಬೇಡ ಎಂದು ಸದ್ದು ಮಾಡದೆ ಬಂದೆ. ಬೆಳಿಗ್ಗೆ ಗೊತ್ತಾಯಿತು, ನಾನು ಹೊದಿಸುವ ಮೊದಲೇ ಅವನು ಸತ್ತಿದ್ದ.

ಅವತ್ತಿನಿಂದ ನನಗೆ ಒಂದೇ ಹಟ ಹಿಡಿಯಿತು. ಈ ಚಳಿ ಕಳೆಯುವವರೆಗೆ ಇನ್ನೊಬ್ಬರು ಸಾಯಬಾರದು.

ನರಸಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಊರಿನಿಂದ ಎರಡು ಮೈಲಿ ಆಚೆ ಪಿಳ್ಳಪ್ಪ ಎಂಬ ರೈತನ ತೋಟವಿತ್ತು. ಇಕ್ಬಾಲನ ಮನೆಗೆ ಗೂಡು ಮಾರುತ್ತಿದ್ದವನು. ಆ ಸಲ ಅವನ ರೇಷ್ಮೆ ಹುಳಕ್ಕೆ ರೋಗ ತಗುಲಿ, ಅಷ್ಟನ್ನೂ ಗುಂಡಿ ತೋಡಿ ಮುಚ್ಚಿದ್ದ. ಹಿಪ್ಪುನೇರಳೆ ಕಡ್ಡಿಯನ್ನೂ ಬುಡಕ್ಕೆ ಕಡಿಸಿದ್ದ. ಹುಳು ಸಾಕುವ ಮನೆ ಖಾಲಿ ಬಿದ್ದಿತ್ತು. ನಾವು ಕೇಳಿದ ತಕ್ಷಣ, "ಜನ ಮಲಗ್ಲಿ ಬಿಡಿ ಮೇಷ್ಟ್ರೇ, ಪುಣ್ಯನಾದ್ರೂ ಬರ್ಲಿ" ಎಂದ.

ಹುಳುಮನೆ ಎಂದರೆ ಉದ್ದದ ಒಂದು ಮಣ್ಣಿನ ಕೋಣೆ. ಒಂದೇ ಬಾಗಿಲು, ನಾಲ್ಕು ಸಣ್ಣ ಕಿಟಕಿ. ಒಳಗೆ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಸುಣ್ಣದ ವಾಸನೆ, ಅದರಡಿಯಲ್ಲಿ ಕೊಳೆತ ಸೊಪ್ಪಿನ ಹಳೆಯ ವಾಸನೆ.

ಚಳಿಗಾಲದಲ್ಲಿ ಹುಳಕ್ಕೆ ಕಾವು ಕೊಡುವ ಕ್ರಮವನ್ನು ಪಿಳ್ಳಪ್ಪನೇ ತೋರಿಸಿದ. ಕಿಟಕಿಯ ಸಂದಿಗೆಲ್ಲ ಗೋಣಿಚೀಲ ತುರುಕುವುದು, ಬಾಗಿಲ ಕೆಳಗೆ ಒದ್ದೆ ಗೋಣಿತಾಟು ಇಡುವುದು, ಎರಡು ಬಾಣಲೆಗಳಲ್ಲಿ ಇದ್ದಿಲಿನ ಕೆಂಡ.

"ಒಂದು ಚೂರು ಗಾಳಿ ಆಡ್ಬಾರ್ದು ನೋಡಿ. ಗಾಳಿ ಆಡಿದ್ರೆ ಹುಳ ಮೇಯಲ್ಲ."

"ಇವ್ರು ಹುಳ ಅಲ್ವಲ್ಲ ಪಿಳ್ಳಪ್ಪೋರೆ" ಎಂದು ಇಕ್ಬಾಲ್ ನಕ್ಕ.

"ಜೀವ ಜೀವಾನೇ ಕಣಪ್ಪ. ಹುಳಕ್ಕೆ ಆಗಿ ಬಂದಿದ್ದು ಮನುಷ್ಯರಿಗೆ ಆಗಿ ಬರಲ್ವಾ?"

ಒಂದು ಸಂಗತಿಯನ್ನು ಪಿಳ್ಳಪ್ಪ ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ತೋಚಲೂ ಇಲ್ಲ. ಹುಳುಮನೆಯಲ್ಲಿ ಯಾರೂ ಮಲಗುವುದಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಲು ಹೆಂಗಸರು ಬಾಗಿಲು ತೆಗೆದು ಹೋಗಿ ಬರುತ್ತಲೇ ಇರುತ್ತಾರೆ. ರಾತ್ರಿ ಕೂಡ. ಅಷ್ಟು ಸಲ ಬಾಗಿಲು ತೆಗೆಯುವುದರಿಂದಲೇ ಒಳಗಿನ ಗಾಳಿ ಬದಲಾಗುತ್ತದೆ. ಅದು ಅವರಿಗೆ ಉಸಿರಾಡಿದಷ್ಟು ಸಹಜ. ಅದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ?

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಪಿಳ್ಳಪ್ಪನ ಎತ್ತಿನ ಗಾಡಿ ನಿಂತಿತು. ಎಂಟು ಜನ ಹತ್ತಿದರು. ಒಂಬತ್ತನೆಯವಳು ಯಂಗಟಮ್ಮ. ಶ್ರೀನಿವಾಸಪುರದ ಕಡೆಯ ಮುದುಕಿ, ಬಾಯಲ್ಲಿ ಅರ್ಧ ತೆಲುಗು. ಎಷ್ಟು ಕರೆದರೂ ಕೂತಲ್ಲಿಂದ ಏಳಲಿಲ್ಲ.

"ನೇನು ರಾನು ನಾಯ್ನಾ, ನಾ ಬರಲ್ಲ. ಬಾಗ್ಲು ಹಾಕಿದ ಮನೇಲಿ ಮಲಗಿ ಎಷ್ಟು ಕಾಲ ಆಯ್ತೋ. ಮೇಲೆ ಆಕಾಶ ಕಾಣ್ದಿದ್ರೆ ನಂಗೆ ನಿದ್ದೆ ಹತ್ತಲ್ಲ."

"ಚಳೀಲಿ ಸತ್ತೋಗ್ತೀಯ ಯಂಗಟಮ್ಮ."

"ಸತ್ರೆ ನಿನ್ ಕಂಬಳಿ ಉಳೀತದೆ ಬಿಡು."

ಗಾಡಿಯಲ್ಲಿ ಮುನಿಶಾಮಿ ಇದ್ದ. ಬಸ್ ಸ್ಟ್ಯಾಂಡಿನ ಹಳೆಯ ಹಮಾಲಿ, ಈಗ ಮೂಟೆ ಹೊರಲಾಗದವನು. ಅವನು ಕೂಗಿದ: "ಬಾರಮ್ಮೋ! ರಾತ್ರಿ ಎಲ್ಲಾ ಮಲ್ಗಿ ಗೂಡು ಕಟ್ಟಾಣ, ಬೆಳಗ್ಗೆ ರೇಷ್ಮೆ ಸೀರೆ ಉಟ್ಕೊಂಡು ಬರುವಂತೆ."

"ನೀನೇ ಕಟ್ಟಪ್ಪ ಗೂಡು. ನಿನ್ನ ಬೇಯ್ಸಿ ನೂಲು ತೆಗೆಯಾಕೆ ಇಕ್ಬಾಲು ಪಕ್ಕದಲ್ಲೇ ನಿಂತವ್ನೆ ನೋಡು."

"ಮುನಿಶಾಮೀನ ಬೇಯ್ಸಿದ್ರೆ ನೂಲು ಎಲ್ಲಿ ಬರ್ತದಮ್ಮಾ, ಬರೀ ಬೀಡಿ ಹೊಗೆ ಬರ್ತದೆ" ಎಂದ ಇಕ್ಬಾಲ್. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಏಳಲಿಲ್ಲ.

ಆಗ ನಾನು ಒಂದು ಕೆಲಸ ಮಾಡಿದೆ. ಅವಳ ಬಟ್ಟೆ ಗಂಟನ್ನು ಎತ್ತಿ ಗಾಡಿಯೊಳಗೆ ಇಟ್ಟುಬಿಟ್ಟೆ. ಆ ಗಂಟು ಬಿಟ್ಟು ಅವಳು ಎಲ್ಲಿಗೂ ಹೋಗುವವಳಲ್ಲ ಎಂದು ನನಗೆ ಗೊತ್ತಿತ್ತು. ನನ್ನ ವಂಶವನ್ನೆಲ್ಲ ಬೈಯುತ್ತಾ ಗಾಡಿ ಹತ್ತಿದಳು.

ಹುಳುಮನೆಯಲ್ಲಿ ಎರಡು ಸಾಲಾಗಿ ಚಾಪೆ ಹಾಸಿದೆವು. ಯಂಗಟಮ್ಮ ಬಾಗಿಲ ಬಳಿ ಜಾಗ ಕೇಳಿದಳು. "ಅಲ್ಲಿ ನೆಲ ತಣ್ಣಗಿದೆ, ಕೆಂಡದ ಹತ್ತಿರ ಬಾ" ಎಂದು ನಾನೇ ಕೈಹಿಡಿದು ಒಳಗಿನ ಮೂಲೆಗೆ ಕರೆದುಕೊಂಡು ಹೋದೆ. ಎಲ್ಲರಿಗಿಂತ ಬೆಚ್ಚಗಿನ ಜಾಗ ಅದು.

ಆ ರಾತ್ರಿ ಕಾವಲು ನನ್ನ ಸರದಿ. ಇಕ್ಬಾಲ್, ಪಿಳ್ಳಪ್ಪ ಇಬ್ಬರೂ ಒಂಬತ್ತಕ್ಕೆಲ್ಲ ಹೊರಟರು. ಪಿಳ್ಳಪ್ಪನ ಮನೆ ಇದ್ದದ್ದು ಹಳ್ಳಿಯೊಳಗೆ, ತೋಟದಿಂದ ಅರ್ಧ ಮೈಲಿ.

"ನಾರಾಯಣ, ಬೆಳಗ್ಗೆ ಚಾಯ್ ತರ್ತೀನಿ ಯಾರ್. ಬಾಗ್ಲು ಗಟ್ಟಿ ಹಾಕ್ಕೋ, ನರಿ ಬರ್ತವೆ" ಎಂದ ಇಕ್ಬಾಲ್.

ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಮರದ ಅಗುಳಿ ಇತ್ತು. ಭಾರವಾದದ್ದು. ಎರಡೂ ಕೈಯಲ್ಲಿ ಎತ್ತಿ ಹಾಕಿದೆ. ಆಮೇಲೆ ಕೊನೆಯ ಕಿಟಕಿಯ ಸಂದಿಗೆ ನಾನೇ ಗೋಣಿ ತುರುಕಿದೆ. ಬಾಗಿಲ ಪಕ್ಕ ಮಲಗಿದೆ. ಬೆಚ್ಚಗಿತ್ತು. ಮುನಿಶಾಮಿ ಕೆಮ್ಮುವುದು ನಿಂತಿತು. ಒಬ್ಬೊಬ್ಬರದೇ ಗೊರಕೆ ಶುರುವಾಯಿತು. ಈ ರಾತ್ರಿ ಯಾರೂ ಸಾಯುವುದಿಲ್ಲ ಎಂದುಕೊಂಡೆ...

ಎಚ್ಚರವಾದಾಗ ಎಷ್ಟು ಹೊತ್ತಾಗಿತ್ತೋ ತಿಳಿಯದು. ಮಳೆಯ ಸದ್ದು ಕೇಳುತ್ತಿತ್ತು.

ಜೋರು ಮಳೆಯಲ್ಲ. ಸಣ್ಣಗೆ, ಒಂದೇ ಸಮನೆ, ಒಣ ಎಲೆಯ ಮೇಲೆ ತುಂತುರು ಬಿದ್ದ ಹಾಗೆ. ಧನುರ್ಮಾಸದಲ್ಲಿ ಮಳೆಯೇ? ಕಿವಿಗೊಟ್ಟೆ. ಸದ್ದು ಹೊರಗಿನದಲ್ಲ. ಕೋಣೆಯೊಳಗಿನದು. ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಆ ಸದ್ದು ಗೊತ್ತು. ಸಾವಿರಾರು ರೇಷ್ಮೆ ಹುಳಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು.

ತಟ್ಟೆಗಳು ಖಾಲಿ ಇದ್ದವು. ಹುಳ ಎಲ್ಲ ಮಣ್ಣಿನಡಿ ಇದ್ದವು.

ಎದ್ದು ನೋಡೋಣವೆಂದರೆ ಏಳಲಾಗಲಿಲ್ಲ. ಕೈಗೆ ಹೇಳಿದ್ದು ಕೈಗೆ ತಲುಪಲಿಲ್ಲ. ಕಣತಲೆ ಬಡಿದುಕೊಳ್ಳುತ್ತಿತ್ತು. ನಾಲಿಗೆ ದಪ್ಪವಾಗಿತ್ತು. ಮೂಲೆಯಲ್ಲಿ ಕೆಂಡ ಮಾತ್ರ ಹೊಗೆಯೇ ಇಲ್ಲದೆ ಕೆಂಪಗೆ ಹೊಳೆಯುತ್ತಿತ್ತು. ಆಗ ಅರ್ಥವಾಯಿತು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಹುಟ್ಟುತ್ತದೆ. ಇದೇ ಪಾಠವನ್ನು ನಾನು ಹತ್ತನೆಯ ತರಗತಿಗೆ ಹೇಳಿಕೊಟ್ಟಿದ್ದೆ. ಬೋರ್ಡಿನ ಮೇಲೆ ಬರೆಸಿದ್ದೆ.

ಗೊರಕೆ ಒಂದೂ ಕೇಳುತ್ತಿರಲಿಲ್ಲ.

ಹೆದರಿಕೆ ಆಯಿತೇ ಎಂದು ಜನ ಕೇಳುತ್ತಾರೆ. ಆಗಲಿಲ್ಲ. ಅದನ್ನೇ ನನಗೆ ಇಂದಿಗೂ ಹೇಳಲು ಬರುವುದಿಲ್ಲ. ಒಂಬತ್ತು ಜನ ಸಾಯುತ್ತಿದ್ದಾರೆ, ಹತ್ತನೆಯವನು ನಾನು ಎಂದು ತಲೆಗೆ ಗೊತ್ತಿತ್ತು. ಅಷ್ಟೇ. ಬೇರೆ ಯಾರದೋ ವಿಷಯವನ್ನು ಓದಿದ ಹಾಗೆ ಗೊತ್ತಿತ್ತು.

ಆಗ ಬಾಗಿಲಾಚೆ ಒಂದು ಹೆಣ್ಣು ದನಿ...

"ಬಾಗ್ಲು ತೆಗೀರಪ್ಪ. ಸೊಪ್ಪು ಹಾಕ್ಬೇಕು."

ಅವಸರದ ದನಿಯಲ್ಲ. ದಿನಾ ಬರುವವಳು ದಿನಾ ಹೇಳುವ ಹಾಗೆ.

ಉತ್ತರ ಕೊಡಲು ಬಾಯಿ ಏಳಲಿಲ್ಲ. ಮತ್ತೆ ಅದೇ ಮಾತು. ಆಮೇಲೆ ನನ್ನ ತಲೆಯ ಮೇಲುಗಡೆ ಮರಕ್ಕೆ ಮರ ಉಜ್ಜಿದ ಸದ್ದು... ಅಗುಳಿ ಸರಿಯಿತು. ಒಳಗಿನಿಂದ ಹಾಕಿದ್ದ ಅಗುಳಿ.

ಬಾಗಿಲು ತೆರೆಯಿತು. ಚಳಿ ಮುಖಕ್ಕೆ ಬಡಿಯಿತು. ಜೊತೆಗೆ ಆಗಷ್ಟೇ ಕೊಯ್ದ ಹಸಿ ಸೊಪ್ಪಿನ ವಾಸನೆ.

ಅವಳ ಮುಖ ನಾನು ನೋಡಲಿಲ್ಲ. ನೋಡಿದೆ ಎಂದರೆ ಸುಳ್ಳಾಗುತ್ತದೆ. ಎತ್ತಿ ಕಟ್ಟಿದ ಸೀರೆ, ಒದ್ದೆಯಾದ ಎರಡು ಪಾದ, ಸೊಂಟದ ಮೇಲೆ ಒಂದು ಸೊಪ್ಪಿನ ಕುಕ್ಕೆ. ಹುಳುಮನೆಗೆ ಬರುವವರು ಕಾಲು ತೊಳೆದೇ ಬರುತ್ತಾರೆ. ಅವಳೂ ತೊಳೆದಿದ್ದಳು. ಪಾದದ ನೀರು ನನ್ನ ಕೈಮೇಲೆ ತೊಟ್ಟಿಕ್ಕಿತು.

ಮೊದಲು ನನ್ನ ಮೇಲೆ ಹಾಕಿದಳು. ತುಟಿಯ ಮೇಲೆ ತಣ್ಣನೆಯ ಎಲೆಯೊಂದು ಬಿತ್ತು. ನಾನು ಬಾಯಿ ತೆರೆದೆ. ಏಕೆ ತೆರೆದೆನೋ ಗೊತ್ತಿಲ್ಲ. ಅಗಿದೆ. ಒಗರು.

ಸಾಲಿನುದ್ದಕ್ಕೂ ನಡೆದಳು. ಒಬ್ಬೊಬ್ಬರ ಬಳಿಯೂ ಬಗ್ಗುವುದು, ಕೈ ಆಡಿಸುವುದು, ಎಲೆ ಉದುರುವ ಸದ್ದು. ಮುಂದಕ್ಕೆ ಹೋಗುವುದು. ಮುನಿಶಾಮಿಯ ಬಳಿ ಬಗ್ಗಿದಳು. ಆಚೆಯ ಸಾಲು ಮುಗಿಸಿದಳು. ಕೊನೆಗೆ ಕೆಂಡದ ಮೂಲೆಯಲ್ಲಿ, ಯಂಗಟಮ್ಮನ ಮುಂದೆ ನಿಂತಳು.

ಬಗ್ಗಲಿಲ್ಲ.

"ಇದು ಮೇಯಲ್ಲ" ಎಂದಳು.

ನನಗೆ ಹೇಳಿದಳೋ, ತನಗೆ ತಾನೇ ಹೇಳಿಕೊಂಡಳೋ. ಕುಕ್ಕೆ ಸೊಂಟಕ್ಕೆ ಏರಿಸಿಕೊಂಡು ಬಂದ ದಾರಿಯಲ್ಲೇ ನನ್ನನ್ನು ದಾಟಿ ಹೊರಗೆ ಹೋದಳು. ಬಾಗಿಲನ್ನು ಹಾಗೇ ತೆರೆದುಬಿಟ್ಟು ಹೋದಳು. ಹುಳು ಸಾಕುವವರು ಯಾರೂ ಹಾಗೆ ಮಾಡುವುದಿಲ್ಲ.

ಎಷ್ಟು ಹೊತ್ತಿಗೋ ಕೈಕಾಲಿಗೆ ಜೀವ ಬಂತು. ತೆವಳಿಕೊಂಡು ಅಂಗಳಕ್ಕೆ ಬಂದು ಕಕ್ಕಿದೆ. ತಲೆ ಎತ್ತಿ ನೋಡಿದರೆ ಬೆಳದಿಂಗಳು, ಕಡಿದ ಹಿಪ್ಪುನೇರಳೆಯ ಮೊಂಡು ಬುಡಗಳು. ಯಾರೂ ಇರಲಿಲ್ಲ.

ಮತ್ತೆ ಒಳಗೆ ಹೋದೆ. ಇದನ್ನು ಸಾವಕಾಶವಾಗಿ ಬರೆಯಬೇಕು. ಬಾಗಿಲ ಹತ್ತಿರದವರನ್ನು ಮೊದಲು ಎಳೆದೆ. ಒಬ್ಬನನ್ನು ಕಂಬಳಿ ಸಮೇತ, ಇನ್ನೊಬ್ಬನನ್ನು ಕಂಕುಳಿಗೆ ಕೈ ಕೊಟ್ಟು. ಇಬ್ಬರು ಹೆಂಗಸರು ಗಾಳಿ ತಾಕಿ ಮುಲುಗುತ್ತಿದ್ದರು, ಅವರನ್ನು ನೂಕಿದೆ. ಮುನಿಶಾಮಿ ತಾನೇ ತೆವಳಿ ಬಂದ. ನಡುವೆ ಎರಡು ಸಲ ಅಂಗಳದಲ್ಲಿ ಕೂತು ಸುಧಾರಿಸಿಕೊಂಡೆ. ಎಂಟು ಜನ ಹೊರಗೆ ಬಂದರು. ಎಂಟೂ ಜನ ಉಸಿರಾಡುತ್ತಿದ್ದರು.

ಯಂಗಟಮ್ಮನ ಬಳಿಗೆ ನಾನು ಹೋದದ್ದು ಕೊನೆಗೆ.

ದೂರದ ಮೂಲೆ, ಅದಕ್ಕೇ ಕೊನೆಗೆ ಎಂದು ಪೊಲೀಸರಿಗೆ ಹೇಳಿದೆ. ಇಕ್ಬಾಲನಿಗೂ ಅದನ್ನೇ ಹೇಳಿದೆ. ನಿಜ ಅದಲ್ಲ. ಅವಳ ಪಕ್ಕದಲ್ಲೇ ಮಲಗಿದ್ದವನನ್ನು ಎಳೆಯಲು ನಾನು ಆ ಮೂಲೆಯವರೆಗೂ ಹೋಗಿದ್ದೆ. ಅವಳ ಕಾಲು ದಾಟಿಕೊಂಡು ಹೋಗಿ ಅವನನ್ನು ಹಿಡಿದುಕೊಂಡೆ. ಮೇಯದ ಹುಳ ಉಳಿಯುವುದಿಲ್ಲ. ಇವಳದೂ ಮುಗಿದಿದೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ನಾಡಿ ಹಿಡಿದು ನೋಡಲಿಲ್ಲ. ಮೂಗಿನ ಬಳಿ ಬೆರಳಿಡಲಿಲ್ಲ. ಯಾರೋ ಹೇಳಿದ್ದರು, ನಾನು ನಂಬಿದ್ದೆ.

ಎತ್ತಿಕೊಂಡಾಗ ಅವಳ ಮೈ ಬೆಚ್ಚಗಿತ್ತು. ಕೆಂಡದ ಪಕ್ಕ ಇದ್ದದ್ದಕ್ಕೆ ಇರಬಹುದು. ಆಕಾಶದ ಕೆಳಗೆ ಮಲಗಿಸಿದೆ. ಉಸಿರಿರಲಿಲ್ಲ.

ಬೆಳಕು ಹರಿಯುವಾಗ ಇಕ್ಬಾಲ್ ಚಹಾದ ಕ್ಯಾನು ಹಿಡಿದು ಬಂದ. ಅಂಗಳ ನೋಡಿ ಕ್ಯಾನು ಕೆಳಗಿಟ್ಟ. "ಯಾ ಅಲ್ಲಾ... ನಾರಾಯಣ, ಏನ್ ಮಾಡ್ದೆ ಕಣೋ?" ಎಂದ. ಏನಾಯಿತು ಎಂದು ಕೇಳಲಿಲ್ಲ. ಏನ್ ಮಾಡ್ದೆ ಎಂದೇ ಕೇಳಿದ.

ಆಸ್ಪತ್ರೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ಮಲಗಿಸಿದರು. ಎಲ್ಲರಿಗೂ ವಾಂತಿ. ಬೇಸಿನ್ನು ಎತ್ತುತ್ತಿದ್ದ ನರ್ಸಮ್ಮ ಮೂಗು ಮುಚ್ಚಿಕೊಂಡು, "ರಾತ್ರಿ ಏನ್ ಸೊಪ್ಪಿನ ಸಾರು ತಿಂದಿದ್ರಿ? ಎಲ್ರದ್ದೂ ಹಸಿರು" ಎಂದರು. ನಾವು ತಿಂದಿದ್ದದ್ದು ರಾಗಿ ಅಂಬಲಿ, ಉಪ್ಪಿನಕಾಯಿ. ಪಿತ್ತ ಕಕ್ಕಿದರೆ ಹಸಿರಾಗಿಯೇ ಇರುತ್ತದೆ ಎಂದು ಡಾಕ್ಟರು ಹೇಳಿದರು. ಅದೂ ಸರಿಯೇ. ಓದಿದವನಿಗೆ ಅದು ಗೊತ್ತಿರಬೇಕು.

ಅಗುಳಿಯನ್ನು ನಾನೇ ತೆಗೆದಿರಬೇಕು, ಮತ್ತಿನಲ್ಲಿ ನೆನಪಿಲ್ಲ ಎಂದರು. ಅದೂ ಇರಬಹುದು. ಪಿಳ್ಳಪ್ಪನನ್ನು ಕೇಳಿದೆ, ಆ ರಾತ್ರಿ ನಿಮ್ಮ ಮನೆಯಿಂದ ಯಾರಾದರೂ ತೋಟಕ್ಕೆ ಬಂದಿದ್ದರೇ ಎಂದು. ಅವನು ನನ್ನ ಮುಖವನ್ನೇ ನೋಡಿದ. "ಹುಳನೇ ಇಲ್ವಲ್ಲ ಮೇಷ್ಟ್ರೇ. ಸೊಪ್ಪು ಯಾರಿಗೆ ಹಾಕೋಕೆ ಬರ್ತಾರೆ?" ಎಂದ. ಆಮೇಲೆ ಅವನು ಆ ಮನೆಯಲ್ಲಿ ಹುಳು ಸಾಕಲಿಲ್ಲ. ಸೌದೆ ತುಂಬಿದ.

ಯಂಗಟಮ್ಮನಿಗೆ ಯಾರೂ ಇರಲಿಲ್ಲ. ನಾವೇ ಮಣ್ಣು ಮಾಡಿದೆವು. ನಾನು ಅಳಲಿಲ್ಲ. ಸೋಮವಾರ ಶಾಲೆಗೆ ಹೋಗಿ ಪಾಠ ಮಾಡಿದೆ. ಅಂಬಲಿ ಕೊಡುವುದನ್ನು ಇಕ್ಬಾಲ್ ಇನ್ನೂ ಎರಡು ವರ್ಷ ನಡೆಸಿದ. ನಾನು ಹೋಗಲಿಲ್ಲ. ಅವನು ಕರೆಯಲೂ ಇಲ್ಲ.

ಅವಳ ವಿಷಯವನ್ನು, ಎಂದರೆ ಸೊಪ್ಪು ತಂದವಳ ವಿಷಯವನ್ನು, ನಾನು ಯಾರಿಗೂ ಹೇಳಿರಲಿಲ್ಲ. ವಿಷಾನಿಲ ತಲೆಗೇರಿದರೆ ಏನೇನೋ ಕಾಣುತ್ತದೆ, ಕೇಳುತ್ತದೆ. ಹಾಗೆಂದು ನನಗೆ ನಾನೇ ಹೇಳಿಕೊಂಡು ಏಳೆಂಟು ವರ್ಷ ಕಳೆದೆ. ಅಷ್ಟರಲ್ಲಿ ಮುಳಬಾಗಿಲಿಗೆ ವರ್ಗವಾಗಿತ್ತು.

ಒಂದು ಸಂಜೆ ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಕೋಲಾರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ಕೆಳಗಿನಿಂದ ಯಾರೋ ತಗಡಿಗೆ ತಟ್ಟಿದರು. ಬಗ್ಗಿ ನೋಡಿದರೆ ಮುನಿಶಾಮಿ. ಹಲ್ಲೆಲ್ಲ ಬಿದ್ದಿದ್ದವು. ಕುರುಡುಮಲೆಯ ಗುಡಿ ಹತ್ತಿರ ಮಲಗುತ್ತೇನೆ, ಊಟಕ್ಕೆ ತೊಂದರೆ ಇಲ್ಲ ಎಂದ. ಚೆನ್ನಾಗಿದ್ದೀಯಾ ಎಂದೆ. ಇದ್ದೀನಿ ಸ್ವಾಮಿ ಎಂದ. ಡ್ರೈವರು ಬಂದು ಕೂತ.

ಮುನಿಶಾಮಿ ಕಿಟಕಿಯ ಸರಳು ಹಿಡಿದುಕೊಂಡು ದನಿ ತಗ್ಗಿಸಿದ.

"ಒಂದ್ ಮಾತು ಸ್ವಾಮಿ. ಅವತ್ತು ರಾತ್ರಿ ಸೊಪ್ಪಿನ ಕುಕ್ಕೆ ತಂದಿದ್ಲಲ್ಲ, ಆಯಮ್ಮ ಯಾರು?"

ಯಾವ ಆಯಮ್ಮ ಎಂದು ಕೇಳಬೇಕಿತ್ತು. ಕೇಳಲಿಲ್ಲ.

"ನಮ್ಗೆಲ್ಲಾ ಹಾಕಿದ್ಲು. ಯಂಗಟಮ್ಮಂಗೆ ಮಾತ್ರ ಯಾಕ್ ಹಾಕ್ಲಿಲ್ಲ ಸ್ವಾಮಿ? ಅವ್ಳು ಕೇಳಿದ್ಲಲ್ಲ."

"ಏನು ಕೇಳಿದ್ಲು?"

"'ನಾಕೂ ವೆಯ್ ತಲ್ಲೀ' ಅಂತ. ನಂಗೂ ಹಾಕು ತಾಯಿ ಅಂತ. ಎರಡು ಸಲ ಕೇಳಿದ್ಲು, ಕೈನೂ ಚಾಚಿದ್ಲು. ಆಯಮ್ಮ ಹೋದ ಮೇಲೂ ಗೊಣಗ್ತಾನೇ ಇದ್ಲು, ಪಾಪ... ನೀವು ಕೇಳಿಸ್ಕೊಳ್ಳಿಲ್ವಾ?"

ಬಸ್ಸು ಹೊರಟಿತು. ಅವನು ಸರಳು ಬಿಟ್ಟ.

ಮುನಿಶಾಮಿಯ ತಲೆಗೂ ಅದೇ ವಿಷ ಏರಿತ್ತು. ಅವನಿಗೆ ಕೇಳಿಸಿದ್ದು ಸುಳ್ಳಿರಬಹುದು. ಹಾಗಾದರೆ ನನಗೆ ಕಂಡದ್ದೂ ಸುಳ್ಳು, ಕೇಳಿದ್ದೂ ಸುಳ್ಳು, ಮತ್ತು ಆ ಸುಳ್ಳನ್ನು ನಂಬಿ ನಾನು ಯಂಗಟಮ್ಮನ ಕಾಲು ದಾಟಿ ಹೋದೆ. ಸೊಪ್ಪು ತಂದವಳು ನಿಜವಾಗಿ ಬಂದಿದ್ದಳು ಎಂದರೆ, ಮುನಿಶಾಮಿ ಹೇಳಿದ್ದೂ ನಿಜ. ಎರಡರಲ್ಲಿ ಯಾವುದನ್ನು ಹಿಡಿದರೂ ನಾನು ಆ ಮೂಲೆಗೇ ಬಂದು ನಿಲ್ಲುತ್ತೇನೆ.

ಈಗಲೂ ಕೆಲವು ರಾತ್ರಿ ಆ ಕೋಣೆಯನ್ನು ಮೊದಲಿಂದ ನೆನೆಯುತ್ತೇನೆ. ಒದ್ದೆ ಪಾದ, ಕುಕ್ಕೆ, ಎಲೆ ಉದುರುವ ಸದ್ದು. ಅವಳು ಮೂಲೆಗೆ ಹೋಗಿ ನಿಲ್ಲುವವರೆಗೂ ಎಲ್ಲ ಸ್ಪಷ್ಟ. ಆಮೇಲೆ ಆ ಕತ್ತಲೆಯಿಂದ ಏನೋ ಸಣ್ಣಗೆ, ಗೊಗ್ಗರು ದನಿಯಲ್ಲಿ... ಕಿವಿಗೊಡುತ್ತೇನೆ. ಅದು ಮಾತೋ, ಹುಳ ಮೇಯುವ ಸದ್ದೋ ತಿಳಿಯುವ ಮೊದಲೇ ಅವಳು 'ಇದು ಮೇಯಲ್ಲ' ಎಂದುಬಿಡುತ್ತಾಳೆ. ನಾನು ಮತ್ತೆ ನಂಬುತ್ತೇನೆ.